ನೀವು ಯಾವ ‘ಟೈಪ್’? ಸ್ವಭಾವ ತಿಳಿಯಲು ಒಂದು ಕೈಪಿಡಿ

ಬೆಂಗಳೂರಿನ ಕೆಲವು ಐಟಿ ಕಚೇರಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದರೆ ಮೊದಲ ವಾರವೇ ಒಂದು ಆನ್‌ಲೈನ್ ಪರೀಕ್ಷೆಯ ಲಿಂಕ್ ಬರುವುದುಂಟು. ಒಂದಷ್ಟು ಹೊತ್ತು ಕ್ಲಿಕ್ ಮಾಡುತ್ತಾ ಹೋದರೆ ಕೊನೆಗೆ ನಾಲ್ಕು ಅಕ್ಷರ ಕೈಗೆ ಸಿಗುತ್ತವೆ. ಐಎನ್‌ಟಿಜೆ, ಇಎಸ್‌ಎಫ್‌ಪಿ, ಹೀಗೆ. ಅಲ್ಲಿಂದ ಮುಂದೆ ‘ನಾನು ಐಎನ್‌ಟಿಜೆ, ನಂಗೆ ಮೀಟಿಂಗ್ ಎಲ್ಲಾ ಆಗಿಬರಲ್ಲ’ ಅಂತ ಜಾರಿಕೊಳ್ಳಲು ಒಳ್ಳೇ ನೆಪ ಸಿಕ್ಕಂತೆ. ಇದೇ ಕೆಲಸವನ್ನು ನಮ್ಮಲ್ಲಿ ಮೊದಲಿಂದ ಜಾತಕ ಮಾಡಿಕೊಂಡು ಬಂದಿದೆ. 27 ನಕ್ಷತ್ರಗಳನ್ನು ದೇವಗಣ, ಮನುಷ್ಯಗಣ, ರಾಕ್ಷಸಗಣ ಅಂತ ಒಂಬತ್ತೊಂಬತ್ತಾಗಿ ಹಂಚಿಟ್ಟಿದ್ದಾರೆ. ಹುಡುಗಿಯದು ರಾಕ್ಷಸಗಣ ಅಂದ ಕೂಡಲೇ ಸಂಬಂಧವೇ ಬೇಡ ಅನ್ನುವವರು ಈಗಲೂ ಇದ್ದಾರೆ.

ಎರಡರಲ್ಲೂ ನಡೆಯುವುದು ಒಂದೇ. ಮನುಷ್ಯನನ್ನು ಒಂದು ಗುಂಪಿಗೆ ತಳ್ಳಿ ಬಾಗಿಲು ಹಾಕುವುದು. ಸ್ವಭಾವವನ್ನು ಅಷ್ಟು ಸುಲಭವಾಗಿ ಗುಂಪು ಮಾಡಲು ಬರುವುದಿಲ್ಲ, ಆದರೆ ಒಂದು ಮಟ್ಟಕ್ಕೆ ಅಳೆಯಲು ಬರುತ್ತದೆ. ಪೆನ್ನು, ಒಂದು ಹಾಳೆ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು ಇದ್ದರೆ ಮನೆಯಲ್ಲೇ ಮಾಡಬಹುದು. ಹೇಗೆ ಅಂತ ನೋಡೋಣ.

ಹಂತ 1: ‘ಟೈಪ್’ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ

ಜನರನ್ನು ಬಗೆ ಬಗೆಯಾಗಿ ವಿಂಗಡಿಸುವ ಚಾಳಿ ಹಳೆಯದು. ರೋಮ್ ಸಾಮ್ರಾಜ್ಯದ ಕಾಲದ ವೈದ್ಯ ಗ್ಯಾಲನ್ ದೇಹದ ನಾಲ್ಕು ರಸಗಳ ಲೆಕ್ಕದಲ್ಲಿ ಸ್ವಭಾವ ಹೇಳುತ್ತಿದ್ದ. ನಮ್ಮ ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಪ್ರಕೃತಿಗಳಿವೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆಯನ್ನು ಪುಸ್ತಕವಾಗಿ ತಂದರು. ಅದನ್ನು ಓದಿ ಮೆಚ್ಚಿದ ಅಮೆರಿಕದ ತಾಯಿ–ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್, ಎರಡನೇ ಮಹಾಯುದ್ಧದ ಹೊತ್ತಿಗೆ ಪ್ರಶ್ನೆಪತ್ರಿಕೆಯೊಂದನ್ನು ತಯಾರಿಸಿದರು. ಅದೇ ಇವತ್ತಿನ ನಾಲ್ಕಕ್ಷರದ ಎಂಬಿಟಿಐ. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಮಗಳು ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದಿದ್ದರು! ಓದಿಲ್ಲ ಅನ್ನುವುದು ದೊಡ್ಡ ತಪ್ಪೇನಲ್ಲ ಬಿಡಿ. ತೊಂದರೆ ಇರುವುದು ಪರೀಕ್ಷೆಯ ಲೆಕ್ಕದಲ್ಲಿ.

ನೂರು ಜನರ ಎತ್ತರ ಅಳೆದರೆ ತುಂಬಾ ಕುಳ್ಳರು ಕೆಲವರು, ತುಂಬಾ ಎತ್ತರದವರು ಕೆಲವರು, ಉಳಿದವರೆಲ್ಲ ನಡುವೆ ಇರುತ್ತಾರೆ. ಬಹಿರ್ಮುಖತೆಯೂ ಹಾಗೇ. ಹೆಚ್ಚಿನ ಜನ ನಡುಮಧ್ಯದಲ್ಲೇ ಇರುತ್ತಾರೆ. ಟೈಪ್ ಪರೀಕ್ಷೆ ಸರಿಯಾಗಿ ಆ ನಡುವಿನಲ್ಲೇ ಗೆರೆ ಎಳೆಯುತ್ತದೆ. ನೂರಕ್ಕೆ 49 ಬಂದವರು ‘ಐ’, ಅಂದರೆ ಅಂತರ್ಮುಖಿ. 51 ಬಂದವರು ‘ಇ’, ಅಂದರೆ ಬಹಿರ್ಮುಖಿ. ಇವರಿಬ್ಬರೂ ಹೆಚ್ಚು ಕಡಿಮೆ ಒಂದೇ ಥರದವರು, ಆದರೆ ಹೆಸರು ಬೇರೆ. 51 ಬಂದವರಿಗೂ 95 ಬಂದವರಿಗೂ ಅಜಗಜಾಂತರ, ಆದರೆ ಹೆಸರು ಒಂದೇ! ಗೆರೆಯ ಹತ್ತಿರ ಇರುವವರು ಒಂದೂವರೆ ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡರೆ ಅಕ್ಷರವೇ ಬದಲಾಗಿರಬಹುದು. ಎಂಬಿಟಿಐ ಮೇಲೆ ಸಂಶೋಧಕರು ಮತ್ತೆ ಮತ್ತೆ ಎತ್ತಿರುವ ಆಕ್ಷೇಪ ಇದೇ.

ಗೀತೆಯ 14ನೇ ಅಧ್ಯಾಯದಲ್ಲಿ ಸತ್ವ, ರಜಸ್ಸು, ತಮಸ್ಸುಗಳ ಮಾತು ಬರುತ್ತದಲ್ವಾ? ಅಲ್ಲಿ ಹತ್ತನೇ ಶ್ಲೋಕ ನೋಡಿ. ಒಮ್ಮೆ ಸತ್ವ ಉಳಿದೆರಡನ್ನು ಅದುಮಿ ಮೇಲೆ ಬರುತ್ತದೆ, ಒಮ್ಮೆ ರಜಸ್ಸು, ಒಮ್ಮೆ ತಮಸ್ಸು ಅನ್ನುತ್ತದೆ. ಅಂದರೆ ಮೂರೂ ಎಲ್ಲರಲ್ಲೂ ಇವೆ, ಪ್ರಮಾಣ ಮಾತ್ರ ಏರಿಳಿಯುತ್ತದೆ. ‘ಅವನೊಬ್ಬ ತಾಮಸಿ’ ಅಂತ ಮುದ್ರೆ ಒತ್ತುವುದು ನಾವು ಆಮೇಲೆ ಕಲಿತ ವಿದ್ಯೆ. ಸ್ವಭಾವವನ್ನು ಪ್ರಮಾಣವಾಗಿ ನೋಡಬೇಕು ಅನ್ನುವ ಮಟ್ಟಿಗೆ ಆ ಶ್ಲೋಕ ಇವತ್ತಿನ ಸಂಶೋಧನೆಗೆ ಹತ್ತಿರ ಇದೆ.

ಹಂತ 2: ಹೊಗಳಿಕೆಯ ಬಲೆಗೆ ಬೀಳಬೇಡಿ

‘ನಿಮ್ಮೊಳಗೆ ಇನ್ನೂ ಬಳಸದ ಶಕ್ತಿ ತುಂಬಾ ಇದೆ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೊಳಗೆ ನೀವು ಮೃದು. ಕೆಲವೊಮ್ಮೆ ಜನರ ಜೊತೆ ಖುಷಿಯಾಗಿರುತ್ತೀರಿ, ಕೆಲವೊಮ್ಮೆ ಒಬ್ಬರೇ ಇರಬೇಕು ಅನಿಸುತ್ತದೆ.’

ಓದಿ ‘ಅರೆ, ನಂದೇ’ ಅನಿಸಿತಾ? ಎಲ್ಲರಿಗೂ ಅನಿಸುತ್ತದೆ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ‘ಇದು ನಿನ್ನ ಫಲಿತಾಂಶ’ ಅಂತ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ 4.26 ಬಂತು. ಆಮೇಲೆ ಗೊತ್ತಾಯಿತು, ಎಲ್ಲರ ಹಾಳೆಯಲ್ಲೂ ಒಂದೇ ಬರಹ! ಅದರ ಬಹುಪಾಲು ವಾಕ್ಯಗಳನ್ನು ಅವರು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು.

ಇದರಿಂದ ತಪ್ಪಿಸಿಕೊಳ್ಳಲು ಸುಲಭದ ಉಪಾಯ ಒಂದಿದೆ. ಯಾವುದೇ ಫಲಿತಾಂಶದ ವಾಕ್ಯ ಓದಿದಾಗ ಅದನ್ನು ಉಲ್ಟಾ ಮಾಡಿ ಓದಿ. ‘ಹೊರಗೆ ಮೃದುವಾಗಿ ಕಂಡರೂ ಒಳಗೆ ನೀವು ಗಟ್ಟಿ’. ಇದೂ ಸರಿ ಅನಿಸಿತಾ? ಹಾಗಾದರೆ ಎರಡನ್ನೂ ಹೊಡೆದುಹಾಕಿ. ‘ಕರೆಂಟ್ ಬಿಲ್ಲನ್ನು ನೀವು ಕೊನೇ ದಿನಕ್ಕೆ ಮೊದಲೇ ಕಟ್ಟುತ್ತೀರಿ’ ಅನ್ನುವುದನ್ನು ಉಲ್ಟಾ ಮಾಡಿದರೆ ಒಂದೋ ನಿಜ, ಇಲ್ಲಾ ಸುಳ್ಳು. ಅಂಥ ವಾಕ್ಯದಿಂದ ಮಾತ್ರ ಏನಾದರೂ ತಿಳಿಯುತ್ತದೆ.

ಹಂತ 3: ಐದು ಗುಣಗಳನ್ನು ಪರಿಚಯ ಮಾಡಿಕೊಳ್ಳಿ

ಇವತ್ತು ಸಂಶೋಧಕರು ಹೆಚ್ಚಾಗಿ ಬಳಸುವುದು ‘ಬಿಗ್ ಫೈವ್’ ಅನ್ನುವ ಐದು ಗುಣಗಳ ಚೌಕಟ್ಟು. ಇದು ಯಾರೋ ಒಬ್ಬರ ತಲೆಯಲ್ಲಿ ಹೊಳೆದದ್ದಲ್ಲ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟು ಹಿಡಿದು ಕೂತು, ಮನುಷ್ಯರನ್ನು ವರ್ಣಿಸುವ ಪದಗಳನ್ನೆಲ್ಲ ಪಟ್ಟಿ ಮಾಡಿದರು. 17,953 ಸಿಕ್ಕವು. ನಂತರದವರು ಯಾವ ಪದ ಯಾವುದರ ಜೊತೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಜರಡಿ ಹಿಡಿಯುತ್ತಾ ಬಂದರು. 1961ರಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್‌ಗೆ ಐದು ಗುಂಪುಗಳು ಕಂಡವು. 1981ರಲ್ಲಿ ಲೂಯಿಸ್ ಗೋಲ್ಡ್‌ಬರ್ಗ್ ‘ಬಿಗ್ ಫೈವ್’ ಅಂತ ಹೆಸರಿಟ್ಟರು.

ಈ ಐದೂ ಒಟ್ಟಿಗೆ ಕಾಣಬೇಕಾದರೆ ಮದುವೆ ಮನೆಗಿಂತ ಒಳ್ಳೆ ಜಾಗ ಇಲ್ಲ.

ಛತ್ರದ ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ. ಅವರಿಗೆ ಯಾರೂ ನಿಲ್ಲಿ ಅಂತ ಹೇಳಿರುವುದಿಲ್ಲ. ಬಂದವರನ್ನೆಲ್ಲ ‘ಏನ್ರೀ, ಎಷ್ಟು ವರ್ಷ ಆಯ್ತು!’ ಅಂತ ಹಿಡಿದು ನಿಲ್ಲಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೋತು ಕೂತಿದ್ದರೆ ಇವರು ಇನ್ನೂ ಹುರುಪಾಗಿರುತ್ತಾರೆ. ಇದು ಬಹಿರ್ಮುಖತೆ. ಇದು ಕಡಿಮೆ ಇರುವವರು ಊಟ ಮುಗಿಸಿ ಮೂಲೆಯ ಕುರ್ಚಿ ಹುಡುಕಿಕೊಳ್ಳುತ್ತಾರೆ. ಅವರಿಗೆ ಜನರ ಮೇಲೆ ಸಿಟ್ಟಿಲ್ಲ, ಸಾಕಾಗಿದೆ ಅಷ್ಟೇ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಅಂತರ್ಮುಖಿ ಬೇರೆ, ನಾಚಿಕೆ ಸ್ವಭಾವದವರು ಬೇರೆ. ಅಂತರ್ಮುಖಿಗೆ ಮಾತಾಡುವ ಆಸೆಯೇ ಕಡಿಮೆ. ನಾಚಿಕೆಯವರಿಗೆ ಆಸೆ ಇದೆ, ಜೊತೆಗೆ ಹೆದರಿಕೆಯೂ ಇದೆ. ಅದರಲ್ಲಿ ಕೆಳಗೆ ಬರುವ ಕಳವಳದ ಪಾಲೂ ಸೇರಿರುತ್ತದೆ. ‘ಮಾತೇ ಆಡಲ್ಲ, ತುಂಬಾ ಒಳ್ಳೇ ಹುಡುಗ’ ಅನ್ನುವ ಸರ್ಟಿಫಿಕೇಟಂತೂ ಪೂರ್ತಿ ಆಧಾರವಿಲ್ಲದ್ದು. ಮಾತು ಕಡಿಮೆ ಇರುವುದಕ್ಕೂ ಒಳ್ಳೆಯತನಕ್ಕೂ ಸಂಬಂಧ ಇಲ್ಲ. ಮೌನವಾಗಿದ್ದೇ ಮನೆಯವರನ್ನು ಗೋಳು ಹೊಯ್ದುಕೊಳ್ಳುವವರೂ ಇದ್ದಾರಲ್ಲ!

ಪಂಕ್ತಿಯಲ್ಲಿ ಜಾಗ ಸಾಲದಾದಾಗ ‘ನೀವು ಕೂತ್ಕೊಳ್ಳಿ, ನಾನು ಮುಂದಿನ ಪಂಕ್ತೀಲಿ ಉಣ್ತೀನಿ’ ಅನ್ನುವವರದು ಹೊಂದಾಣಿಕೆ ಜಾಸ್ತಿ. ಇದು ಕಡಿಮೆ ಇದ್ದವರು ಕೆಟ್ಟವರಲ್ಲ. ಅಡುಗೆ ಕಂಟ್ರಾಕ್ಟರ್ ಜೊತೆ ಚೌಕಾಸಿ ಮಾಡಲು ಮನೆಯವರು ಕಳಿಸುವುದು ಇವರನ್ನೇ. ಹೊಂದಾಣಿಕೆ ವಿಪರೀತ ಇರುವವರನ್ನು ಕಳಿಸಿದರೆ ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬರುತ್ತಾರೆ.

ಮೂರನೆಯದು ಅಚ್ಚುಕಟ್ಟುತನ. ಪುರೋಹಿತರು ಕೇಳುವ ಮೊದಲೇ ಬಟ್ಟಲಡಿಕೆ, ಅರಿಶಿನದ ಕೊಂಬು, ಚಿಲ್ಲರೆ ದುಡ್ಡು ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದಿಟ್ಟಿರುವ ಒಬ್ಬ ಚಿಕ್ಕಮ್ಮ ಎಲ್ಲಾ ಮದುವೆಯಲ್ಲೂ ಇರುತ್ತಾರೆ. ಐದರಲ್ಲಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಬದುಕಿನಲ್ಲಿ ಲೆಕ್ಕಕ್ಕೆ ಬರುವುದು ಇದೇ ಹೆಚ್ಚು. 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಮಾರಾಟದವರು, ಪೊಲೀಸರು, ಮ್ಯಾನೇಜರ್‌ಗಳು, ಕೈಕಸುಬಿನವರು, ಹೀಗೆ ನೋಡಿದ ಎಲ್ಲಾ ಬಗೆಯ ಕೆಲಸದಲ್ಲೂ ಚೆನ್ನಾಗಿ ಕೆಲಸ ಮಾಡುವುದಕ್ಕೂ ಈ ಗುಣಕ್ಕೂ ನಂಟು ಕಂಡಿತು. ಬಹಿರ್ಮುಖತೆ ಉಪಯೋಗಕ್ಕೆ ಬಂದದ್ದು ಮುಖ್ಯವಾಗಿ ಮಾರಾಟ, ಮ್ಯಾನೇಜ್‌ಮೆಂಟ್‌ನಂಥ ಕೆಲಸಗಳಲ್ಲಿ. ನಂಟು ಭಾರೀ ದೊಡ್ಡದೇನಲ್ಲ, ಆದರೆ ಎಲ್ಲಾ ಕಡೆ ಇದೆ. ಇಂಟರ್‌ವ್ಯೂನಲ್ಲಿ ಪಟಪಟ ಮಾತಾಡುವವರಿಗೆ ಮಾರುಹೋಗುವ ನಮ್ಮ ಜನ ಇದನ್ನು ಗಮನಿಸುವುದು ಒಳ್ಳೆಯದು.

ಅತಿಯಾದರೆ ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಪಟ್ಟಿಯಲ್ಲಿಲ್ಲದ್ದು ನಡೆದರೆ ಆ ಚಿಕ್ಕಮ್ಮನಿಗೆ ಸಹಿಸಲು ಆಗುವುದಿಲ್ಲ. ಉಳಿದವರಿಗೆ ಅವರ ಪಟ್ಟಿಯನ್ನು ಸಹಿಸಲು ಆಗುವುದಿಲ್ಲ.

ನಾಲ್ಕನೆಯದು ಕಳವಳ. ಸಾರು ಸಾಲದಾದರೆ? ಮಳೆ ಬಂದರೆ? ಬೀಗರಿಗೆ ಬೇಜಾರಾದರೆ? ಮುಹೂರ್ತ ಮುಗಿಯುವವರೆಗೆ ಹೊಟ್ಟೆಗೆ ಅನ್ನ ಇಳಿಯದವರು. ಪಠ್ಯಗಳಲ್ಲಿ ಇದನ್ನು ನ್ಯೂರಾಟಿಸಿಸಂ ಅನ್ನುತ್ತಾರೆ. ಹೆಸರು ಕೇಳಿ ಕಾಯಿಲೆ ಅಂದುಕೊಳ್ಳಬೇಡಿ. ಇದು ಸ್ವಭಾವದ ಒಂದು ಅಳತೆ ಅಷ್ಟೇ, ಎಲ್ಲರಲ್ಲೂ ಇಷ್ಟಿಷ್ಟು ಇರುತ್ತದೆ. ಹೆಚ್ಚು ಇರುವವರಿಗೆ ಬೇಸರ, ಭಯ, ಸಿಟ್ಟು ಬೇಗ ಬರುತ್ತವೆ, ನಿಧಾನವಾಗಿ ಇಳಿಯುತ್ತವೆ. ಕಡಿಮೆ ಇರುವವರು ಶಾಮಿಯಾನ ಹಾರಿಹೋದರೂ ‘ಬಿಡ್ರೀ, ಆಗುತ್ತೆ’ ಅನ್ನುತ್ತಾರೆ. ಕೆಲವೊಮ್ಮೆ ಆಗುವುದಿಲ್ಲ, ಆವಾಗ ಕಳವಳದವರು ಮೊದಲೇ ಎತ್ತಿಟ್ಟಿದ್ದ ಛತ್ರಿ ಕೆಲಸಕ್ಕೆ ಬರುತ್ತದೆ.

ಕೊನೆಯದು ಕುತೂಹಲ, ಅಂದರೆ ಹೊಸತಿಗೆ ಮನಸ್ಸು ತೆರೆದಿರುವುದು. ಮದುವೆ ಊಟದಲ್ಲಿ ಹೆಸರು ಗೊತ್ತಿಲ್ಲದ ಪದಾರ್ಥವನ್ನು ಮೊದಲು ಬಾಯಿಗಿಡುವವರು, ‘ಈ ಶಾಸ್ತ್ರ ಯಾಕೆ ಮಾಡ್ತಾರೆ?’ ಅಂತ ಪುರೋಹಿತರನ್ನೇ ಕೇಳುವವರು. ದೂರದಲ್ಲಿ ಕೂತು ಯಾರ ಸ್ವಭಾವವನ್ನೂ ಅಳೆಯಬಾರದು ನಿಜ. ಆದರೂ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಅವರು ನೆನಪಾಗುತ್ತಾರೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. ಅದೇ ‘ಆಕಾಶವಾಣಿ’. ಪಾಠ ಮಾಡಿಕೊಂಡು ಸುಮ್ನೆ ಇರಬಹುದಿತ್ತು ಅಲ್ವಾ?

ಆರನೆಯದೂ ಒಂದಿದೆ, ಪ್ರಾಮಾಣಿಕತೆ–ವಿನಯ ಎರಡೂ ಸೇರಿದ್ದು, ಅನ್ನುವ ಸಂಶೋಧಕರಿದ್ದಾರೆ. ಅವರ ಚೌಕಟ್ಟಿಗೆ ಹೆಕ್ಸಾಕೋ ಅಂತ ಹೆಸರು. ಸದ್ಯಕ್ಕೆ ನಮಗೆ ಐದು ಸಾಕು.

ಹಂತ 4: ನಿಮ್ಮ ಅಂಕ ಹಾಕಿಕೊಳ್ಳಿ

ಕೆಳಗಿನ ಹತ್ತು ವಾಕ್ಯಗಳಿಗೆ 1ರಿಂದ 5ರವರೆಗೆ ಅಂಕ ಕೊಡಿ. ‘ಇದು ನಾನಲ್ಲವೇ ಅಲ್ಲ’ ಅನ್ನುವುದಕ್ಕೆ 1, ‘ಇದು ನಾನೇ’ ಅನ್ನುವುದಕ್ಕೆ 5. ಹೇಗಿರಬೇಕು ಅನ್ನುವುದನ್ನು ಬಿಟ್ಟು, ಕಳೆದ ಒಂದು ವರ್ಷ ಹೇಗಿದ್ದಿರಿ ಅನ್ನುವುದನ್ನು ನೆನೆಸಿಕೊಳ್ಳಿ.

1. ಗೊತ್ತಿಲ್ಲದವರ ಜೊತೆ ನಾನಾಗಿಯೇ ಮಾತು ಶುರು ಮಾಡುತ್ತೇನೆ.
2. ಹತ್ತು ಜನ ಸೇರಿದ ಕಡೆ ಸುಮ್ಮನೆ ಕೂತಿರುವುದೇ ನನಗೆ ಹಿತ.
3. ಬೇರೆಯವರ ಕಷ್ಟ ಕೇಳಿದರೆ ನನ್ನ ಕೆಲಸ ಬಿಟ್ಟು ಅವರ ಜೊತೆ ನಿಲ್ಲುತ್ತೇನೆ.
4. ಎದುರಿನವರಿಗೆ ಬೇಜಾರಾದರೂ ಸರಿ, ತಪ್ಪನ್ನು ಮುಖಕ್ಕೆ ಹೊಡೆದಂತೆ ಹೇಳುತ್ತೇನೆ.
5. ಬಿಲ್ಲು, ಕಂತು, ಅರ್ಜಿ ಏನೇ ಇರಲಿ, ಕೊನೇ ದಿನಕ್ಕೆ ಮೊದಲೇ ಮುಗಿಸುತ್ತೇನೆ.
6. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿಯುತ್ತೇನೆ.
7. ಚಿಕ್ಕ ವಿಷಯವೂ ರಾತ್ರಿ ತಲೆಯಲ್ಲಿ ಸುತ್ತುತ್ತಿರುತ್ತದೆ.
8. ಎಂಥ ಗಡಿಬಿಡಿಯಲ್ಲೂ ನನ್ನ ತಲೆ ತಣ್ಣಗಿರುತ್ತದೆ.
9. ತಿಂದಿರದ ಅಡುಗೆ, ಕೇಳಿರದ ಸಂಗೀತ, ಗೊತ್ತಿರದ ವಿಷಯ ಅಂದರೆ ನನಗೆ ಆಸೆ.
10. ಮೊದಲಿಂದ ನಡೆದು ಬಂದ ರೀತಿಯೇ ಸಾಕು, ಹೊಸ ಪ್ರಯೋಗ ಬೇಡ ಅನಿಸುತ್ತದೆ.

ಇನ್ನು ಲೆಕ್ಕ. 1–2 ಬಹಿರ್ಮುಖತೆ, 3–4 ಹೊಂದಾಣಿಕೆ, 5–6 ಅಚ್ಚುಕಟ್ಟುತನ, 7–8 ಕಳವಳ, 9–10 ಕುತೂಹಲ. ಬೆಸ ಸಂಖ್ಯೆಯ ವಾಕ್ಯಕ್ಕೆ ಕೊಟ್ಟ ಅಂಕವನ್ನು ಹಾಗೇ ಇಟ್ಟುಕೊಳ್ಳಿ. ಸಮ ಸಂಖ್ಯೆಯ ವಾಕ್ಯಗಳು ಉಲ್ಟಾ ವಾಕ್ಯಗಳು. ಅವಕ್ಕೆ ಕೊಟ್ಟ ಅಂಕವನ್ನು 6ರಿಂದ ಕಳೆಯಿರಿ. ಆಮೇಲೆ ಎರಡೆರಡನ್ನು ಕೂಡಿಸಿ. ಪ್ರತಿ ಗುಣಕ್ಕೂ 2ರಿಂದ 10ರೊಳಗೆ ಒಂದು ಅಂಕ ಬರುತ್ತದೆ, 6 ನಡುವಿನದು.

ಉಲ್ಟಾ ವಾಕ್ಯಗಳು ಯಾಕೆ ಬೇಕು? ಏನು ಕೇಳಿದರೂ ‘ಹೂಂ’ ಅನ್ನುವ ಅಭ್ಯಾಸ ಕೆಲವರಿಗಿರುತ್ತದೆ. 1ಕ್ಕೂ 5, 2ಕ್ಕೂ 5 ಕೊಟ್ಟರೆ ಮೊತ್ತ 5 ಅಧಿಕ 1, ಅಂದರೆ 6. ಹೂಂಗುಟ್ಟಿದ್ದು ನಡುವಿಗೆ ಬಂದು ನಿಲ್ಲುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ದಾವಣಗೆರೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವವರು ಅಂತ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಉತ್ತರ ಕ್ರಮವಾಗಿ 2, 4, 4, 3, 5, 2, 4, 2, 3, 3. ಬಹಿರ್ಮುಖತೆ: 2 ಮತ್ತು (6–4=) 2, ಒಟ್ಟು 4. ಹೊಂದಾಣಿಕೆ: 4 ಮತ್ತು 3, ಒಟ್ಟು 7. ಅಚ್ಚುಕಟ್ಟುತನ: 5 ಮತ್ತು 4, ಒಟ್ಟು 9. ಕಳವಳ: 4 ಮತ್ತು 4, ಒಟ್ಟು 8. ಕುತೂಹಲ: 3 ಮತ್ತು 3, ಒಟ್ಟು 6.

ಇದನ್ನು ಬಿಡಿಬಿಡಿಯಾಗಿ ಓದಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಜೋಡಿ ಮಾಡಿ ಓದಿ. ಅಚ್ಚುಕಟ್ಟುತನ 9, ಜೊತೆಗೆ ಕಳವಳ 8. ಈ ವ್ಯಕ್ತಿ ಕೆಲಸ ಮುಗಿಸುತ್ತಾರೆ, ಮುಗಿಸಿದ ಮೇಲೂ ಮೂರು ಸಲ ತೆಗೆದು ನೋಡುತ್ತಾರೆ. ಲೆಕ್ಕ ತಾಳೆಯಾದರೂ ಮನೆಗೆ ಹೋಗಿ ‘ಲಾಕರ್ ಹಾಕಿದ್ನಾ?’ ಅಂತ ಯೋಚಿಸುವ ಥರ. ಮೇಲಧಿಕಾರಿಗೆ ಇಂಥವರು ಅಚ್ಚುಮೆಚ್ಚು, ಆದರೆ ಒಳಗಿನ ದಣಿವು ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಬಹಿರ್ಮುಖತೆ 4, ಹೇಳಿಕೊಳ್ಳುವುದೂ ಕಡಿಮೆ. ಅದೇ ಕಳವಳ 8 ಇದ್ದು ಅಚ್ಚುಕಟ್ಟುತನ 3 ಇದ್ದಿದ್ದರೆ ಚಿತ್ರವೇ ಬೇರೆ. ಕೆಲಸ ಮುಂದಕ್ಕೆ ತಳ್ಳಿ, ಅದಕ್ಕಾಗಿ ರಾತ್ರಿಯೆಲ್ಲ ಕೊರಗುವುದು.

ಹತ್ತು ವಾಕ್ಯಗಳ ಈ ಪಟ್ಟಿ ನಾನು ಬರೆದದ್ದು, ಬರೀ ದಾರಿ ತೋರಿಸಲು. 6 ಬಂತಾ 7 ಬಂತಾ ಅಂತ ತಲೆ ಕೆಡಿಸಿಕೊಳ್ಳಬೇಡಿ, ಒಂದು ಅಂಕದ ವ್ಯತ್ಯಾಸಕ್ಕೆ ಅರ್ಥ ಇಲ್ಲ. ಇನ್ನೂ ಗಟ್ಟಿಯಾದದ್ದು ಬೇಕಿದ್ದರೆ ಗೋಲ್ಡ್‌ಬರ್ಗ್ ಶುರು ಮಾಡಿದ ಐಪಿಐಪಿ ಅನ್ನುವ ಭಂಡಾರವಿದೆ. 3,000ಕ್ಕೂ ಹೆಚ್ಚು ವಾಕ್ಯಗಳು ಅಲ್ಲಿವೆ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಅದರಿಂದ ಮಾಡಿದ 120 ವಾಕ್ಯಗಳ ಪರೀಕ್ಷೆ ಅಂತರ್ಜಾಲದಲ್ಲೇ ಸಿಗುತ್ತದೆ. ಅದು ಪ್ರತಿ ಗುಣವನ್ನೂ ಆರಾರು ಒಳಗುಣಗಳಾಗಿ ಬಿಡಿಸಿ ತೋರಿಸುತ್ತದೆ.

ಇಂಗ್ಲಿಷ್ ಪರೀಕ್ಷೆಯನ್ನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಕೊಡಬಹುದಾ? ಬೇಡ. ಪಾರ್ಟಿಯಲ್ಲಿ ನೀವು ಹೇಗಿರುತ್ತೀರಿ ಅಂತ ಪಾರ್ಟಿಗೇ ಹೋಗದವರನ್ನು ಕೇಳಿದರೆ ಬರುವ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಬುದ್ಧಿಮತ್ತೆ ಪರೀಕ್ಷೆಯ ವಿಷಯದಲ್ಲಿ ವಿ.ವಿ. ಕಾಮತ್ ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟರು. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಸುಮ್ನೆ ಅನುವಾದ ಮಾಡದೆ, ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗುವಂತೆ ತಿದ್ದಿ, ಮಕ್ಕಳ ಮೇಲೆ ಮಾಡಿ ನೋಡಿ ಸಿದ್ಧಪಡಿಸಿದರು. ಬಿನೆ–ಕಾಮತ್ ಪರೀಕ್ಷೆಯನ್ನು ಆಸ್ಪತ್ರೆಗಳಲ್ಲಿ ಬಳಸುತ್ತಾ ಬಂದಿದ್ದಾರೆ. ಸ್ವಭಾವದ ಪರೀಕ್ಷೆಗೂ ಅಷ್ಟೇ ದುಡಿಮೆ ಬೇಕು.

ಹಂತ 5: ಇನ್ನೊಬ್ಬರ ಕೈಯಲ್ಲಿ ನಿಮ್ಮ ಅಂಕ ಹಾಕಿಸಿ

ಅದೇ ಹತ್ತು ವಾಕ್ಯಗಳನ್ನು ನಿಮ್ಮನ್ನು ಬಲ್ಲ ಒಬ್ಬರಿಗೆ ಕೊಡಿ. ಗಂಡ ಅಥವಾ ಹೆಂಡತಿ, ಅಕ್ಕ, ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳೆಯ. ನಿಮ್ಮ ಅಂಕ ಮೊದಲೇ ತೋರಿಸಬೇಡಿ. ಅವರು ಬರೆಯುವಾಗ ಎದುರಿಗೆ ಕೂರಬೇಡಿ, ಕೂತರೆ ಎಲ್ಲಕ್ಕೂ 5 ಬೀಳುತ್ತದೆ!

ಎರಡು ಹಾಳೆ ಪಕ್ಕಪಕ್ಕ ಇಟ್ಟಾಗ ಎರಡಕ್ಕಿಂತ ಹೆಚ್ಚು ಅಂಕದ ವ್ಯತ್ಯಾಸ ಎಲ್ಲಿದೆ ನೋಡಿ. ಯಾರ ಮಾತು ನಂಬಬೇಕು? ಮನಶ್ಶಾಸ್ತ್ರಜ್ಞೆ ಸಿಮೀನ್ ವಜೀರ್ 2010ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ಕಳವಳದಂಥ ಒಳಗಿನ ವಿಷಯದಲ್ಲಿ ನಮಗೇ ಹೆಚ್ಚು ಗೊತ್ತಿರುತ್ತದೆ. ಬುದ್ಧಿ, ಸೃಜನಶೀಲತೆಯಂಥ ವಿಷಯದಲ್ಲಿ ಗೆಳೆಯರ ಅಂದಾಜೇ ಹೆಚ್ಚು ಸರಿ, ಯಾಕೆಂದರೆ ಅಲ್ಲಿ ನಮ್ಮ ಬಗ್ಗೆ ನಮಗೆ ಒಲವು ಜಾಸ್ತಿ. ಮಾತುಗಾರಿಕೆಯಂಥ ಎದ್ದು ಕಾಣುವ ಗುಣವನ್ನು ಇಬ್ಬರೂ ಹೆಚ್ಚು ಕಡಿಮೆ ಸರಿಯಾಗಿಯೇ ಹೇಳುತ್ತಾರೆ. ಆದ್ದರಿಂದ ‘ನೀನೇನೂ ಟೆನ್ಷನ್ ಪಾರ್ಟಿ ಅಲ್ಲ ಬಿಡು’ ಅಂತ ಗೆಳೆಯ ಅಂದರೂ ನಿಮ್ಮ ಅಂಕವನ್ನು ತಿದ್ದಬೇಡಿ. ಹೊಂದಾಣಿಕೆಗೆ ನೀವು 9 ಹಾಕಿಕೊಂಡು ಮನೆಯವರು 5 ಹಾಕಿದ್ದರೆ, ನನ್ನ ಪ್ರಕಾರ ಮನೆಯವರ ಮಾತಿಗೆ ಬೆಲೆ ಕೊಡುವುದೇ ಸರಿ.

ಹಂತ 6: ಬೇರೆಯವರ ಸ್ವಭಾವ ನೋಡುವಾಗ ಸಂದರ್ಭ ನೋಡಿ

ದೇವಸ್ಥಾನದ ಸಾಲಿನಲ್ಲಿ ಎಲ್ಲರೂ ಶಾಂತ. ಇಂಟರ್‌ವ್ಯೂನಲ್ಲಿ ಎಲ್ಲರೂ ಶಿಸ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಎರಡೂ ಕಡೆಯವರು ಬಂಗಾರದಂಥವರು. ಹೇಗೆ ನಡೆದುಕೊಳ್ಳಬೇಕು ಅಂತ ಮೊದಲೇ ಗೊತ್ತಿರುವ ಕಡೆ ಸ್ವಭಾವ ಹೊರಗೆ ಬರುವುದಿಲ್ಲ. 1968ರಲ್ಲಿ ವಾಲ್ಟರ್ ಮಿಷೆಲ್ ಒಂದು ಪುಸ್ತಕ ಬರೆದು ಮನಶ್ಶಾಸ್ತ್ರಜ್ಞರ ನಿದ್ದೆ ಕೆಡಿಸಿದರು. ಪರೀಕ್ಷೆಯಲ್ಲಿ ಬಂದ ಅಂಕಕ್ಕೂ ಒಂದು ಸಂದರ್ಭದಲ್ಲಿ ಮನುಷ್ಯ ನಿಜವಾಗಿ ನಡೆದುಕೊಳ್ಳುವುದಕ್ಕೂ ನಂಟು ಬಹಳ ಸಡಿಲ ಅಂತ ಅವರು ತೋರಿಸಿದರು. ಆಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಕೊನೆಗೆ ಉಳಿದ ತಿಳಿವಳಿಕೆ ಇಷ್ಟು: ಒಂದು ಘಟನೆಯಿಂದ ಏನೂ ಹೇಳಲಾಗದು, ಹಲವು ಘಟನೆಗಳ ಸರಾಸರಿಯಲ್ಲಿ ಗುಣ ಚೆನ್ನಾಗಿ ಕಾಣುತ್ತದೆ.

ಹಾಗಾಗಿ ಯಾರ ಬಗ್ಗೆಯಾದರೂ ತಿಳಿಯಬೇಕಿದ್ದರೆ ನಿಯಮ ಸಡಿಲ ಇರುವ ಕಡೆ ನೋಡಿ. ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಯಾರು ಇಳಿದು ಕಂಡಕ್ಟರ್ ಜೊತೆ ಮಾತಿಗಿಳಿಯುತ್ತಾರೆ, ಯಾರು ಹತ್ತಿರದ ಹೋಟೆಲ್ ಹುಡುಕುತ್ತಾರೆ, ಯಾರು ‘ನನಗೆ ಮೊದಲೇ ಗೊತ್ತಿತ್ತು’ ಅಂತ ಗೊಣಗುತ್ತಾರೆ. ಟ್ರಿಪ್ಪಿನ ಖರ್ಚು ಹಂಚುವಾಗ ಯಾರು ಲೆಕ್ಕ ಇಟ್ಟಿರುತ್ತಾರೆ, ಯಾರು ‘ನೀನೇ ನೋಡ್ಕೊ’ ಅನ್ನುತ್ತಾರೆ. ಒಂದೇ ನಡವಳಿಕೆ ಬೇರೆ ಬೇರೆ ಜಾಗದಲ್ಲಿ ಮೂರ್ನಾಲ್ಕು ಸಲ ಕಂಡರೆ ಆಗ ಅದನ್ನು ಸ್ವಭಾವ ಅನ್ನಿ.

ಪಾತ್ರವನ್ನು ಸ್ವಭಾವ ಅಂದುಕೊಳ್ಳುವ ತಪ್ಪಂತೂ ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ. ಹಿರಿಸೊಸೆ ಬೆಳಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಹೊತ್ತುಹೊತ್ತಿಗೆ ಮಾಡಿ ಹಾಕಿದರೆ ‘ಅವಳ ಸ್ವಭಾವವೇ ಹಾಗೆ’ ಅನ್ನುತ್ತೇವೆ. ಆಕೆಗೆ ಬೇರೆ ದಾರಿ ಏನಿತ್ತು? ತವರಿಗೆ ಹೋದಾಗ ಎಂಟರವರೆಗೆ ಮಲಗುತ್ತಾರಾ ಕೇಳಿ ನೋಡಿ. ಹುಡುಗ ಜಾಸ್ತಿ ಮಾತಾಡಿದರೆ ಚುರುಕು, ಹುಡುಗಿ ಮಾತಾಡಿದರೆ ಬಾಯಿ ಜೋರು. ಅಳತೆ ಹಿಡಿಯುವ ಕೈಯೇ ವಾಲಿದ್ದರೆ ಯಾವ ಪರೀಕ್ಷೆಯೂ ಕೆಲಸಕ್ಕೆ ಬಾರದು.

ಹಂತ 7: ಬದಲಾಯಿಸಬೇಕು ಅನಿಸಿದರೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಅಂತಾರೆ. ಅರ್ಧ ನಿಜ. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು 40ರಿಂದ 50 ಶೇಕಡಾ ವಂಶವಾಹಿಗಳಿಗೆ ಸೇರಿದ್ದು. ಉಳಿದದ್ದು ಬದುಕಿಗೆ ಸೇರಿದ್ದು. ವಯಸ್ಸಾದಂತೆ, ಅದರಲ್ಲೂ 20ರಿಂದ 40ರೊಳಗೆ, ಸರಾಸರಿಯಾಗಿ ಅಚ್ಚುಕಟ್ಟುತನ ಏರುತ್ತದೆ, ಕಳವಳ ಇಳಿಯುತ್ತದೆ. ಕಾಲೇಜಿನಲ್ಲಿ ಹಾಸಿಗೆಯನ್ನೂ ಮಡಚದವನು ಮಗುವಿನ ಲಸಿಕೆ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡಿರುವುದನ್ನು ನೀವೂ ನೋಡಿರುತ್ತೀರಿ.

ಬೇಕೆಂದೇ ಬದಲಾಗಬಹುದಾ? ನೇಥನ್ ಹಡ್ಸನ್ ಮತ್ತು ಅವರ ಜೊತೆಗಾರರು 2015ರಿಂದ ಇದನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಉದ್ದಕ್ಕೂ ಹಿಂಬಾಲಿಸಿದಾಗ ಸ್ವಲ್ಪ ಬದಲಾವಣೆ ಕಂಡಿತು. ಆದರೆ ಷರತ್ತು ಇದೆ. ‘ಬದಲಾಗಬೇಕು’ ಅಂತ ಅಂದುಕೊಂಡು ಸುಮ್ನೆ ಕೂತವರಿಗೆ ಏನೂ ಆಗಲಿಲ್ಲ. ಚಿಕ್ಕ ಚಿಕ್ಕ ಕೆಲಸ ಒಪ್ಪಿಕೊಂಡು ಅದನ್ನು ನಿಜಕ್ಕೂ ಮಾಡಿದವರು ಮಾತ್ರ ಬದಲಾದರು.

ಆದ್ದರಿಂದ ಒಂದೇ ಗುಣ ಆರಿಸಿಕೊಳ್ಳಿ. ‘ಇನ್ನು ಮೇಲೆ ಶಿಸ್ತಾಗಿರುತ್ತೇನೆ’ ಅಂತ ಬರೆಯಬೇಡಿ, ಅದರಿಂದ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ‘ರಾತ್ರಿ ಊಟ ಆದ ಕೂಡಲೇ ನಾಳೆಯ ಮೂರು ಕೆಲಸ ಚೀಟಿಯಲ್ಲಿ ಬರೆಯುತ್ತೇನೆ’ ಅಂತ ಬರೆಯಿರಿ. ಬಹಿರ್ಮುಖತೆ ಬೇಕಾ? ‘ದಿನಾ ಹಾಲು ತರುವಾಗ ಅಂಗಡಿಯವರ ಹತ್ತಿರ ಎರಡು ಮಾತು ಜಾಸ್ತಿ ಆಡುತ್ತೇನೆ.’ ನಾಲ್ಕು ತಿಂಗಳಾದ ಮೇಲೆ ಹತ್ತು ವಾಕ್ಯಗಳಿಗೆ ಮತ್ತೆ ಅಂಕ ಹಾಕಿ, ಅದೇ ಗೆಳೆಯರ ಕೈಯಲ್ಲೂ ಹಾಕಿಸಿ.

ಹಂತ 8: ಎಲ್ಲಿ ನಿಲ್ಲಿಸಬೇಕು

ಈ ಅಂಕ ನೋಡಿ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳಬೇಡಿ, ತೆಗೆದೂ ಹಾಕಬೇಡಿ. ಎಂಬಿಟಿಐ ಕಂಪನಿಯವರೇ ನೇಮಕಾತಿಗೆ ತಮ್ಮ ಪರೀಕ್ಷೆ ಬಳಸಬೇಡಿ ಅನ್ನುತ್ತಾರೆ. ಸಂಬಂಧ ನೋಡುವವರೂ ಅಂಕಪಟ್ಟಿ ಕೇಳಬೇಡಿ. ಅದಕ್ಕಿಂತ ‘ಕಳೆದ ಸಲ ಆಫೀಸಿನಲ್ಲಿ ಯಾರ ಜೊತೆಗಾದರೂ ಮನಸ್ತಾಪ ಆದಾಗ ಏನು ಮಾಡಿದಿರಿ?’ ಅಂತ ಕೇಳಿ. ನಡೆದದ್ದನ್ನು ಹೇಳುವಾಗ ಜನ ಹೆಚ್ಚು ನಿಜ ಹೇಳುತ್ತಾರೆ. ಮಕ್ಕಳಿಗಂತೂ ಹಣೆಪಟ್ಟಿ ಬೇಡವೇ ಬೇಡ. ‘ಇವನು ಸೋಮಾರಿ’ ಅಂತ ನೆಂಟರ ಮುಂದೆ ದಿನಾ ಹೇಳಿದರೆ ಅವನೂ ಅದನ್ನೇ ನಂಬಿಕೊಳ್ಳುತ್ತಾನೆ.

ಇನ್ನೊಂದು ಗಡಿ ಮುಖ್ಯವಾದದ್ದು. ಕಳವಳದ ಅಂಕ ಹೆಚ್ಚಿದೆ ಅಂದರೆ ಕಾಯಿಲೆ ಅಂತ ಅರ್ಥವಲ್ಲ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಬದುಕು ಸಾಕು ಅನಿಸುತ್ತಿದೆ ಅಂದರೆ ಅದನ್ನು ‘ನನ್ನ ಸ್ವಭಾವವೇ ಹೀಗೆ’ ಅಂತ ತಳ್ಳಿಹಾಕಬಾರದು. ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.